ಕಾಶಿನಾಥಣ್ಣನ ಗೊಂಬಿ

ನಮ್ಮೂರು ಮೊರಬದ ಬೆಕ್ಕುಗಳನ್ನು ನಾನು ಚೆನ್ನಾಗಿ ಬಲ್ಲೆ. ಕರೆದರೆ ಬರುವುದಿಲ್ಲ, ಹಿಡಿದರೆ ಪರಚುತ್ತವೆ, ಹಾಲಿನ ಪಾತ್ರೆಯ ಮೇಲೆ ಕಲ್ಲು ಹೇರಿಟ್ಟರೂ ಹೇಗೋ ಬಾಯಿ ಹಾಕಿ ಹೋಗುತ್ತವೆ. ಯಾರನ್ನೂ ನಂಬದ ಜಾತಿ ಅದು. ನಂಬುವುದಿಲ್ಲ, ಅದಕ್ಕೇ ಬದುಕುತ್ತವೆ. ಎದುರು ಮನೆಯ ಕಾಶಿನಾಥಣ್ಣನ ಗೊಂಬಿಯನ್ನೂ ಬೆಕ್ಕು ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಅದನ್ನು ತಂದವಳು ಅವನ ಮಗಳು ಐಶ್ವರ್ಯ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಾಳೆ. ಅವಳು ಬಾಡಿಗೆಗಿದ್ದ ಮನೆಯವರಿಗೆ ದೂರದ ಊರಿಗೆ ವರ್ಗವಾಯಿತಂತೆ, ಸಾಕಿದ ಬೆಕ್ಕನ್ನು ಇವಳ ಕೈಗೆ ಕೊಟ್ಟು ಹೋದರಂತೆ. ಬಸ್ಸಿನಿಂದ ಇಳಿದ ಬುಟ್ಟಿಯೊಳಗೆ ಇಣುಕಿ ನೋಡಿ ಓಣಿಯ ಜನ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ನರಿ ಅಂದರು, ಕುರಿಮರಿ ಅಂದರು. ಮೈಯೆಲ್ಲ ಕೆನೆ ಬಣ್ಣ, ಮುಖ ಕಿವಿ ಬಾಲ ಮಾತ್ರ ಚಹಾದ ಬಣ್ಣ, ಕಣ್ಣು ನೀಲಿ. ಬೆರಳಿಟ್ಟರೆ ಮುಳುಗಿಹೋಗುವಷ್ಟು ಕೂದಲು. ಎತ್ತಿಕೊಂಡರೆ ಬಾಣಂತಿಯ ಕೂಸಿಗಿಂತ ಭಾರ.

ತಳಿಯ ಹೆಸರು ರ‍್ಯಾಗ್‌ಡಾಲ್ ಎಂದು ಐಶ್ವರ್ಯ ಹೇಳಿದಳು. ಹಾಗಂದರೆ ಚಿಂದಿ ಬಟ್ಟೆಯ ಗೊಂಬೆ. ಎತ್ತಿಕೊಂಡ ಕೂಡಲೇ ಕೈಕಾಲು ಸಡಿಲ ಬಿಟ್ಟು ತೋಳಿನ ಮೇಲೆ ಜೋತುಬೀಳುತ್ತದೆ, ಅದಕ್ಕೆ ಆ ಹೆಸರು. ಯಾರು ಎತ್ತಿದರೂ ಅಷ್ಟೇ. ನನ್ನಂಥ ಹೊಸಬಳ ಕೈಯಲ್ಲೂ ಹಾಗೇ ಬಿತ್ತು, ಉಗುರು ಹೊರಗೆ ತೆಗೆಯಲೇ ಇಲ್ಲ. ತನ್ನ ತಾಯಿ ಮಹಾನಂದಕ್ಕನಿಗೆ ಐಶ್ವರ್ಯ ಹೋಗುವಾಗ ಒಂದೇ ಮಾತು ಹೇಳಿ ಹೋದಳು.

"ಇದಕ್ಕ ಅಂಜಿಕಿ ಅನ್ನೂದ ಗೊತ್ತಿಲ್ಲಬೇ ಯವ್ವಾ. ಎಲ್ಲಾರೂ ತನ್ನವರ ಅಂತ ತಿಳಕೋತೈತಿ. ಯಾರ ಕೈಯಾಗೂ ಕೊಡಬ್ಯಾಡ."

ಮೊದಮೊದಲು ಅದು ನಮಗೆ ನಗೆಯ ವಸ್ತುವಾಗಿತ್ತು. ಒಮ್ಮೆ ಪಡಸಾಲೆಯಲ್ಲಿ ಅದರ ಮೂಗಿನ ಮುಂದೆಯೇ ಇಲಿ ಓಡಿತು. ಗೊಂಬಿ ತಲೆ ತಿರುಗಿಸಿ, ಬೀಗರು ಹೊರಟು ನಿಂತಾಗ ನೋಡುವಂತೆ ಅದನ್ನು ನೋಡಿ, ಮತ್ತೆ ಮಲಗಿತು. ಲಿಂಗಾಯತರ ಮನೆ, ಮೀನು ಮೊಟ್ಟೆಯ ಮಾತಿಲ್ಲ. ಹಾಲು ಕೊಟ್ಟರೆ ಹೊಟ್ಟೆ ಕೆಡುತ್ತಿತ್ತು. ಹುಬ್ಬಳ್ಳಿಯಿಂದ ಬರುವ ಪಾಕೀಟಿನ ಕಾಳನ್ನೇ ಕಟಂ ಕಟಂ ಎಂದು ತಿನ್ನುತ್ತಿತ್ತು. ಮಳೆಗಾಲದಲ್ಲಿ ಅಂಗಳದ ಎರೆಮಣ್ಣು ಅದರ ಹೊಟ್ಟೆಯ ಕೂದಲಿಗೆ ಗಟ್ಟಿಯಾಗಿ ಹತ್ತಿ, ಮಹಾನಂದಕ್ಕ ಕತ್ತರಿ ಕೇಳಲು ನನ್ನ ಹೊಲಿಗೆ ಮಷಿನ್ನಿನ ಹತ್ತಿರ ಬರುತ್ತಿದ್ದಳು. ಇದನ್ನು ಕಟ್ಟಿಕೊಂಡು ಏನು ಮಾಡುತ್ತೀ ಎಂದು ನಾನು ಬೈಯುತ್ತಿದ್ದೆ. ಏನು ಮಾಡುತ್ತಾಳೆಂದು ಆಮೇಲೆ ತಿಳಿಯಿತು.

ಗೊಂಬಿ ಬರುವ ಮೊದಲೇ ಕಾಶಿನಾಥಣ್ಣನಿಗೆ ಲಕ್ವಾ ಹೊಡೆದಿತ್ತು. ಹೊಲದಲ್ಲಿ ಎತ್ತು ಹೂಡಿ ನಿಂತವನು ನಿಂತಲ್ಲೇ ಬಿದ್ದಿದ್ದ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಓಣಿಯಲ್ಲೇ ದೊಡ್ಡ ದನಿಯ ಮನುಷ್ಯ ಪಡಸಾಲೆಯ ಹೊರಸಿನ ಮೇಲೆ ಗೋಡೆ ನೋಡುತ್ತ ಮಲಗಿದ. ಡಾಕ್ಟರು ರಬ್ಬರ್ ಚೆಂಡು ಕೊಟ್ಟು ಹಿಸುಕು ಅಂದರೆ ಎಡಗೈಯಿಂದ ಅಂಗಳಕ್ಕೆ ಎಸೆದುಬಿಟ್ಟ. ನೋಡಲು ಬಂದವರೆಲ್ಲ ಲೊಚಗುಟ್ಟಿ ಹೋಗುತ್ತಿದ್ದರು, ಅವರು ಹೋದ ಮೇಲೆ ಅವನು ಊಟ ಬಿಡುತ್ತಿದ್ದ.

ಗೊಂಬಿ ಮಾತ್ರ ಲೊಚಗುಟ್ಟಲಿಲ್ಲ. ಬಂದ ವಾರದಲ್ಲೇ ಹೊರಸು ಹತ್ತಿ, ಆ ಸತ್ತ ಬಲಗೈ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಮಲಗಿತು. ಅವನು ಗುರ್ ಅಂದರೂ ಎದ್ದು ಹೋಗಲಿಲ್ಲ. ತಿಂಗಳು ಕಳೆಯುವುದರೊಳಗೆ ಅವನ ಬೆರಳು ಆ ಕೂದಲಿನೊಳಗೆ ಅಲುಗಾಡತೊಡಗಿದವು. ಮೊದಲು ಹೆಬ್ಬೆರಳು, ಆಮೇಲೆ ಉಳಿದವು. ಕೂದಲಿನ ಸಿಕ್ಕು ಬಿಡಿಸುವುದು ಅವನ ಕೆಲಸವಾಯಿತು. ಮಧ್ಯಾಹ್ನವೆಲ್ಲ ಬಿಡಿಸುತ್ತಿದ್ದ, ಗೊಂಬಿ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿರುತ್ತಿತ್ತು. ಡಾಕ್ಟರು ಕೈ ನೋಡಿ ಬೆರಗಾದರು. ಮುಷ್ಟಿ ಪೂರ್ತಿ ಮುಚ್ಚುವಂತಾದರೆ ಕೋಲು ಹಿಡಿಸಬಹುದು, ಕೋಲು ಹಿಡಿದರೆ ನಡೆಸಬಹುದು ಅಂದರು. ಅಂದಿನಿಂದ ಮಹಾನಂದಕ್ಕನಿಗೆ ಆ ಮುಷ್ಟಿ ಬಿಟ್ಟು ಬೇರೆ ಲೋಕವಿರಲಿಲ್ಲ. ಬೆಳಿಗ್ಗೆ ಎದ್ದವಳೇ ದೇವರ ಮುಖ ನೋಡದೆ ಆ ಕೈ ನೋಡುತ್ತಿದ್ದಳು. ಅಂಗೈಗೂ ಬೆರಳಿಗೂ ನಡುವೆ ಇನ್ನೂ ಒಂದು ನಿಂಬೆಹಣ್ಣಿನಷ್ಟು ಜಾಗ ಉಳಿದಿತ್ತು.

"ಶಮೀಮಾ, ಇವರ ಮುಷ್ಟಿ ಮುಚ್ಚಿದ ದಿನ ಓಣಿಗೆಲ್ಲ ಹೋಳಿಗಿ ಊಟ ಹಾಕ್ತೇನಿ ನೋಡ," ಎಂದು ನನಗೆ ಹೇಳಿದ್ದಳು.

ಇನ್ನು ಹಗೇವಿನ ಮಾತು. ಅವರ ಮನೆಯ ಮುಂದೆ, ಕಟ್ಟೆಯ ಪಕ್ಕದಲ್ಲಿ, ಅಜ್ಜನ ಕಾಲದ ಹಗೇವು ಇದೆ. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಕೋಣೆಯಷ್ಟು. ಜೋಳ ತುಂಬಿ, ಮೇಲೆ ಕಲ್ಲು ಹಾಕಿ, ಮಣ್ಣು ಮೆತ್ತುತ್ತಾರೆ. ಈಗ ಊರಲ್ಲಿ ಎಲ್ಲರೂ ಚೀಲಕ್ಕೇ ತುಂಬುವುದು, ಕಾಶಿನಾಥಣ್ಣ ಒಬ್ಬ ಹಟ ಹಿಡಿದು ಹಗೇವು ನಡೆಸುತ್ತಿದ್ದ. ತೆಗೆಯುವಾಗ ಕಲ್ಲು ಸರಿಸಿ ಇಡೀ ರಾತ್ರಿ ಬಿಡುತ್ತಿದ್ದ. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿಯಬಾರದು. ಉರಿದರೆ ಇಳಿಯಬಹುದು. ಅವನು ಬಿದ್ದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ, ಒಳಗೆ ಸೊಂಟದ ಮಟ್ಟ ಜೋಳ ಹಾಗೇ ಉಳಿದಿತ್ತು.

ಅದನ್ನು ತೆಗೆದವರು ಅವನ ಅಣ್ಣ ಮಡಿವಾಳೆಪ್ಪನವರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ, ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ಅಣ್ಣಿಗೇರಿಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ತಲೆ ಹಣ್ಣು ಮಾಡಿಕೊಂಡವರು, ತಮ್ಮ ಬಿದ್ದ ಮೇಲೆ ಅಂಗಡಿ ಬಿಟ್ಟು ಬಂದು ಅವನ ಹೊಲ ನೋಡಿಕೊಳ್ಳುತ್ತಿದ್ದರು. ಅವತ್ತು ಮಹಾನಂದಕ್ಕ ಗಂಡನ ಗುಳಿಗೆ ತರಲು ನವಲಗುಂದಕ್ಕೆ ಹೋಗಿದ್ದಳು. ಹಗೇವಿನ ಬಾಯಿಯ ಹತ್ತಿರ ಇಲಿಬಿಲ ಕಂಡು ಮಡಿವಾಳೆಪ್ಪನವರಿಗೆ ಜೋಳದ ಚಿಂತೆ ಹತ್ತಿತು. ಆಳುಗಳನ್ನು ಕರೆದು ಕಲ್ಲು ಸರಿಸಿದರು. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರು. ಆಮೇಲೆ, ತಮ್ಮ ಮಾಡುತ್ತಿದ್ದುದು ನೆನಪಾಗಿ, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು.

ಈಗ ಚಿಮಣಿ ಎಣ್ಣೆ ಯಾರ ಮನೆಯಲ್ಲಿದೆ? ಅವರು ಕಟ್ಟಿದ್ದು ಕರೆಂಟು ಹೋದಾಗ ಹಚ್ಚುವ ಚಾರ್ಜಿಂಗ್ ಲೈಟು. ಅದು ತಳದವರೆಗೂ ಇಳಿದು ಜೋಳದ ಮೇಲೆ ಕೂತು ಬೆಳ್ಳಗೆ ಬೆಳಗಿತು. ದೀಪ ಆರಲಿಲ್ಲ, ಗಾಳಿ ಚಲೋ ಐತಿ ಎಂದು ಎಲ್ಲರೂ ಸಮಾಧಾನಪಟ್ಟರು. ಬಾಗಿಲಲ್ಲಿ ಹೊಲಿಯುತ್ತ ಕೂತ ನನಗೂ ಅದು ಸರಿ ಅನ್ನಿಸಿತು, ಹೊಲವಿಲ್ಲದ ಮನೆತನ ನಮ್ಮದು. ಹಗೇವು ಬಲ್ಲ ಮನುಷ್ಯ ಓಣಿಯಲ್ಲಿ ಒಬ್ಬನೇ ಇದ್ದ. ಅವನು ಹೊರಸಿನ ಮೇಲೆ ಮಲಗಿ, ತೆರೆದ ಬಾಗಿಲಿನಿಂದ ಎಲ್ಲವನ್ನೂ ನೋಡುತ್ತಿದ್ದ.

ಇಳಿಯುವ ಮೊದಲು ಇಲಿಗಳನ್ನು ಚದುರಿಸೋಣ, ಇಷ್ಟು ದೊಡ್ಡ ಬೆಕ್ಕು ಮನೆಯಲ್ಲಿ ಸುಮ್ಮನೆ ಬಿದ್ದಿದೆ ಎಂದು ಮಡಿವಾಳೆಪ್ಪನವರಿಗೆ ಹೊಳೆಯಿತು. ನೋಡಲೆಂದು ನಾನೂ ಕತ್ತರಿ ಕೈಯಲ್ಲೇ ಹಿಡಿದು ಅವರ ಕಟ್ಟೆಗೆ ಬಂದೆ. ಅವರು ಪಡಸಾಲೆಗೆ ಹೋಗಿ, ತಮ್ಮನ ಬಲಗೈ ಕೆಳಗಿನಿಂದ ಗೊಂಬಿಯನ್ನು ಎತ್ತಿದರು. ಕಾಶಿನಾಥಣ್ಣ ಎಡಗೈಯಿಂದ ಅವರ ಅಂಗಿ ಹಿಡಿದ. ತಲೆಯನ್ನು ಅತ್ತಿತ್ತ ಹೊರಳಿಸಿದ. ಅವನ ಕಣ್ಣಲ್ಲಿ ಅಷ್ಟು ಗಾಬರಿಯನ್ನು ನಾನು ಅವನು ಬಿದ್ದ ದಿನವೂ ಕಂಡಿರಲಿಲ್ಲ.

"ನಿನ್ನ ಬೆಕ್ಕ ನಾ ಏನ ತಿನ್ನೂದಿಲ್ಲೋ ತಮ್ಮಾ," ಎಂದು ಮಡಿವಾಳೆಪ್ಪನವರು ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡರು. "ಈಗ ತಂದ ಕೊಡ್ತೇನಿ."

ನಮ್ಮೂರ ಬೆಕ್ಕಾಗಿದ್ದರೆ ಹಗೇವಿನ ಬಾಯಿಯ ವಾಸನೆಗೇ ಮೈ ಸೆಟೆದು, ಹಿಡಿದವರ ಮುಖ ಹರಿದು, ಮಾಳಿಗೆ ಹತ್ತುತ್ತಿತ್ತು. ಗೊಂಬಿ ಬುಟ್ಟಿಯಲ್ಲಿ ಹಾಕಿದ ಹಾಗೆ ಬಿದ್ದುಕೊಂಡಿತು. ಹಗ್ಗ ಇಳಿಯುವಾಗ ನೀಲಿ ಕಣ್ಣು ತೆರೆದು ನಮ್ಮನ್ನೆಲ್ಲ ನೋಡುತ್ತಲೇ ಇತ್ತು, ನಾವು ಯಾರೂ ಅದಕ್ಕೆ ಕೆಡುಕು ಮಾಡುವವರಲ್ಲ ಎಂಬಂತೆ. ತಳದಲ್ಲಿ ಒಮ್ಮೆ ತಲೆ ಎತ್ತಿ ಬಾಯಿ ತೆರೆಯಿತು. ಆಕಳಿಸಿತು ಎಂದು ಆಳು ನಕ್ಕ. ಆಮೇಲೆ ತಲೆಯನ್ನು ಬುಟ್ಟಿಯ ಅಂಚಿಗಿಟ್ಟು ಮಲಗಿತು. ದೀಪದ ಬೆಳಕಿನಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಇಲಿ ಒಂದೂ ಇರಲಿಲ್ಲ. ಆ ಗಾಳಿಯಲ್ಲಿ ಯಾವ ಇಲಿ ಇರುತ್ತದೆ?

ಇದರ ಹಣೆಬರಹವೇ ಇಷ್ಟು, ಎಲ್ಲಿ ಹಾಕಿದರೂ ನಿದ್ದೆ ಎಂದು ಬೈಯುತ್ತ ಮಡಿವಾಳೆಪ್ಪನವರು ಬುಟ್ಟಿ ಮೇಲೆಳೆದರು. ತೋಳಿನ ಮೇಲೆ ಅದು ಎಂದಿನಂತೆ ಜೋತುಬಿದ್ದಿತ್ತು. ಎಂದಿನಂತೆಯೇ ಇತ್ತು, ಯಾರಿಗೆ ಸಂಶಯ ಬರಬೇಕು? ಕೊಟ್ಟ ಮಾತಿನಂತೆ ತಮ್ಮನ ಬಲಗೈಗೇ ಒಪ್ಪಿಸಿ, ಹೊರಗೆ ಬಂದು, ಧೋತರ ಕಟ್ಟಿ, ಹಗೇವಿನ ಬಾಯಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು.

ಆಗ ಕಾಶಿನಾಥಣ್ಣ ಕೂಗಿದ. ಮಾತಲ್ಲ ಅದು, ದನ ಒದರಿದಂಥ ಕೂಗು. ನಾನು ಕತ್ತರಿ ಬಿಸುಟು ಓಡಿದೆ. ಗೊಂಬಿಯ ನಾಲಗೆ ಹೊರಗೆ ಬಿದ್ದು ನೀಲಿಯಾಗಿತ್ತು. ಇಳಿಯಬೇಡಿ ಎಂದು ನಾನು ಚೀರಿದೆ. ಮಡಿವಾಳೆಪ್ಪನವರು ಕಾಲು ಮೇಲೆಳೆದುಕೊಂಡು, ಬಂದು ನೋಡಿ, ಒಂದು ಹಿಡಿ ಒಣ ಜೋಳದ ಕಣಿಕೆಗೆ ಬೆಂಕಿ ಹಚ್ಚಿ ಹಗೇವಿಗೆ ಬಿಟ್ಟರು. ಅರ್ಧ ದಾರಿಗೇ ಆರಿತು. ಕೆಳಗೆ ಚಾರ್ಜಿಂಗ್ ಲೈಟು ಇನ್ನೂ ಬೆಳಗುತ್ತಿತ್ತು. ಅವರು ಕಟ್ಟೆಯ ಮೇಲೆ ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಬೆಕ್ಕು ಹೋಗಿ ಮನುಷ್ಯ ಉಳಿದ, ಪುಣ್ಯ ಎಂದು ಓಣಿ ಈಗಲೂ ಮಾತಾಡುತ್ತದೆ. ಆಡಲಿ. ಅವರು ಮಹಾನಂದಕ್ಕ ಬಸ್ಸಿಳಿದು ಪಡಸಾಲೆಗೆ ಬಂದ ಗಳಿಗೆಯನ್ನು ನೋಡಿದವರಲ್ಲ. ಹೊರಗೆ ನೆರೆದ ಜನರನ್ನು ಸರಿಸಿ ಒಳಗೆ ಬಂದಳು, ಅವಳ ಕಣ್ಣು ರೂಢಿಯಂತೆ ಮೊದಲು ಗಂಡನ ಬಲಗೈಗೆ ಹೋಯಿತು. ಗೊಂಬಿಯ ಕುತ್ತಿಗೆಯ ಕೂದಲನ್ನು ಹಿಡಿದು ಐದೂ ಬೆರಳು ಅಂಗೈಯೊಳಗೆ ಬಿಗಿಯಾಗಿ ಹೂತಿದ್ದವು. ಅವಳ ಮುಖ ಅರಳಿತು.

"ಶಮೀಮಾ, ಇಲ್ಲಿ ನೋಡವಾ," ಅಂದಳು. "ಮುಷ್ಟಿ ಮುಚ್ಚೇತಿ."

ಹತ್ತಿರ ಹೋಗಿ ಬೆಕ್ಕಿನ ತಲೆ ಮುಟ್ಟಿದಳು.

ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವರು ನಾನು ಮತ್ತು ಅವಳು. ಬಲವಾಗಿ ಹಿಡಿದಿದ್ದ, ಬಿಡಿಸುವಾಗ ಅವನ ಕೈಯಲ್ಲಿ ಒಂದು ಹಿಡಿ ಕೂದಲು ಉಳಿಯಿತು. ಗೊಂಬಿಯನ್ನು ಅವರ ಹೊಲದ ಬದುವಿನಲ್ಲಿ ಹುಗಿದೆವು. ಅಂಥದ್ದೇ ಇನ್ನೊಂದು ಬೆಕ್ಕು ತರುತ್ತೇನೆ ಎಂದು ಐಶ್ವರ್ಯ ಫೋನಿನಲ್ಲಿ ಹೇಳಿದಾಗ ಕಾಶಿನಾಥಣ್ಣ ಗೋಡೆಯ ಕಡೆ ಹೊರಳಿದ. ಈಗಲೂ ಹಾಗೇ ಮಲಗಿದ್ದಾನೆ. ಮಹಾನಂದಕ್ಕ ಬೆಳಿಗ್ಗೆ ಎದ್ದು ಈಗಲೂ ಮೊದಲು ಆ ಕೈಯನ್ನೇ ನೋಡುತ್ತಾಳೆ. ಅದು ಹೊರಸಿನ ಮೇಲೆ ಅಂಗೈ ಮೇಲೆ ಮಾಡಿ, ಪೂರ್ತಿ ತೆರೆದುಕೊಂಡು ಬಿದ್ದಿರುತ್ತದೆ.