ಇಪ್ಪತ್ತೇಳರ ಪಕ್ಕದಲ್ಲಿ ಇಪ್ಪತ್ತೆಂಟು

ಆ ತರಗತಿಯಲ್ಲಿ ನಲವತ್ತೊಂದು ಜನ. ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತು ಒಬ್ಬರ ಜೀವ ಒಬ್ಬರು ಹಿಂಡಿದವರು ಹತ್ತನೆಯ ತರಗತಿಯ ಕೊನೆಯ ದಿನ ಮಧ್ಯಾಹ್ನ ಮೂಗು ಒರೆಸಿಕೊಳ್ಳುತ್ತ ಕೂತಿದ್ದರು. ನೋಡಿದವರು ಅಯ್ಯೋ ಪಾಪ ಅನ್ನಬೇಕು, ಹಾಗೆ. ಅಷ್ಟಕ್ಕೂ ಅವರು ನೆನೆಸಿಕೊಂಡು ಅಳುತ್ತಿದ್ದುದು ಏನನ್ನು ಗೊತ್ತೇ?

"ಹೊಸ ಸೈನ್ಸ್ ಮಿಸ್ ಬಂದಿದ್ರಲ್ಲ, ಎರಡೇ ವಾರಕ್ಕೆ ಅಳಿಸಿ ಓಡಿಸಿದ್ವಿ, ನೆನಪಿದ್ಯಾ?"

"ಗುಂಡನ್ನ ಲ್ಯಾಬಲ್ಲಿ ಕೂಡಿಹಾಕಿ ಮರ್ತೇಬಿಟ್ವಲ್ಲೋ! ವಾಚ್‌ಮನ್ ಬಂದು ಬಾಗಿಲು ತೆಗೆದಾಗ ಪ್ಯಾಂಟೆಲ್ಲ ಒದ್ದೆ!"

"ಎಂಥಾ ದಿನಗಳು ಕಣೋ. ಮತ್ತೆ ಬರಲ್ಲ."

ಗುಂಡನೂ ನಕ್ಕ. ನಗದೆ ಏನು ಮಾಡಿಯಾನು? ಆ ಕೋಣೆಯಲ್ಲಿ ಯಾರಾದರೂ ಮುಖ ಬಾಡಿಸಿಕೊಂಡರೆ ಮಾರನೆಯ ದಿನದ ಸರದಿ ಅವರದೇ. ಮೂರು ವರ್ಷದಲ್ಲಿ ಬೀಜಗಣಿತ ತಲೆಗೆ ಹತ್ತಿತೋ ಇಲ್ಲವೋ, ಇದೊಂದನ್ನು ನಲವತ್ತೊಂದು ಜನವೂ ಚೆನ್ನಾಗಿ ಕಲಿತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ಅರೆದು ಕುಡಿದವಳು ರೇಡಿಯೋ.

ಹೆತ್ತವರು ಇಟ್ಟ ಹೆಸರು ರೇಡಿಯೋ ಅಲ್ಲ ಅನ್ನಿ. ಆದರೆ ಅವರು ಇಟ್ಟ ಹೆಸರಿನಿಂದ ಅವಳನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಅವಳ ಅಪ್ಪನಿಗೆ ಮಿಲ್ಲಿನಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಇದ್ದದ್ದು ಒಂದೇ ಕೋಣೆ. ಅಮ್ಮ ಬಾಗಿಲ ಹೊರಗೆ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. "ಶ್! ಅಪ್ಪ ಮಲಗಿದಾರೆ." ಹುಟ್ಟಿದಾಗಿನಿಂದ ಆ ಹುಡುಗಿ ಮನೆಯಲ್ಲಿ ಕೇಳಿದ ಮಾತು ಇದೊಂದೇ ಅಂದರೂ ನಡೆಯುತ್ತದೆ. ಮನೆಯಲ್ಲಿ ಅವಳಿಗೆ ದನಿಯೇ ಇರಲಿಲ್ಲ. ಹೊರಗೆ ಬಂದವಳು ಸಿಕ್ಕವರ ದನಿಯನ್ನೆಲ್ಲ ಎತ್ತಿಕೊಂಡಳು.

ಎಂಟನೆಯ ತರಗತಿಯಲ್ಲಿ ಒಂದು ದಿನ ನಾಲ್ಕು ಹುಡುಗರು ಪಾಂಡಿತ್ಯಕ್ಕೆ ಕೈಮುಗಿದು ಮೈದಾನಕ್ಕೆ ಕ್ರಿಕೆಟ್ ಆಡಲು ಹೋದರು. ಮಿಸ್ ಹಾಜರಿ ಪುಸ್ತಕದ ಮೇಲಿಂದ ತಲೆ ಎತ್ತದೆ ನಂಬರ್ ಕೂಗಿದಾಗ ಅಷ್ಟೂ ಜನರ ಪರವಾಗಿ, ಅವರವರದೇ ದನಿಯಲ್ಲಿ, "ಪ್ರೆಸೆಂಟ್ ಮಿಸ್" ಅಂದವಳು ಈ ಹುಡುಗಿ. ಒಡೆದ ಗಂಟಲಿನವನದು, ಶೀತದವನದು, ಎಲ್ಲ ಸರಿಯಾಗಿ! ಅವತ್ತಿನಿಂದ ತರಗತಿ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿತು. ಆಮೇಲೆ ಅದೇ ಒಂದು ಆಟವಾಯಿತು. ಶನಿವಾರದ ಕೊನೆಯ ಪೀರಿಯಡ್ ಖಾಲಿ ಸಿಕ್ಕಾಗ ಕ್ಲಾಸ್ ಲೀಡರ್ ಹುಡುಗಿ ತಂತಿಯ ಕನ್ನಡಕ ಮೂಗಿಗೆ ಸಿಕ್ಕಿಸಿಕೊಂಡು, ಮಿಸ್‌ನಂತೆ ಮೇಜಿನ ಹಿಂದೆ ಕೂತು, ಒಂದರಿಂದ ನಲವತ್ತೊಂದರವರೆಗೆ ಕೂಗುತ್ತಿದ್ದಳು. ರೇಡಿಯೋ ಒಬ್ಬಳೇ ಎಲ್ಲರ ದನಿಯಲ್ಲೂ ಉತ್ತರಿಸುತ್ತಿದ್ದಳು. ಯಾರ ನಂಬರ್ ಬಂದಿತೋ ಅವರ ಮಾನ ಹರಾಜು.

ಒಂದು ನಂಬರ್ ಮಾತ್ರ ಬಿಟ್ಟು.

ಇಪ್ಪತ್ತೇಳು. ರೇಡಿಯೋಳದು ಇಪ್ಪತ್ತೆಂಟು. ಅಕ್ಷರಮಾಲೆ ಇಬ್ಬರನ್ನೂ ಒಂದೇ ಬೆಂಚಿಗೆ ತಂದು ಕೂರಿಸಿತ್ತು. ಇಪ್ಪತ್ತೇಳು ಮೆತ್ತಗಿನ ಹುಡುಗಿ. ಎಷ್ಟು ಮೆತ್ತಗೆ ಅಂದರೆ ಅಡ್ಡಹೆಸರು ಇಡುವುದಕ್ಕೂ ಅವಳಲ್ಲಿ ಏನೂ ಸಿಗದೆ ಹುಡುಗರು ನಂಬರನ್ನೇ ಹೆಸರು ಮಾಡಿದ್ದರು. ಇಬ್ಬರ ನಡುವೆ ಒಂದು ಒಪ್ಪಂದವಿತ್ತು. ಇಪ್ಪತ್ತೇಳು ಬಂದಾಗ ರೇಡಿಯೋ ಬಾಯಿ ಮುಚ್ಚಿಕೊಳ್ಳಬೇಕು. ಆ ಹುಡುಗಿ ತಾನೇ ಹಾಜರಿ ಹೇಳುತ್ತಾಳೆ. ಮುಂದಿನದು ಇಪ್ಪತ್ತೆಂಟು. ಊರಿನವರ ದನಿಯನ್ನೆಲ್ಲ ತೆಗೆಯುವವಳು ತನ್ನ ದನಿ ಯಾವುದೆಂದು ತೋಚದೆ ಮೊದಲ ಸಲ ಹಲ್ಲುಗಿಂಜಿದಾಗ, ಪಕ್ಕದಲ್ಲಿದ್ದ ಇಪ್ಪತ್ತೇಳೇ "ಬಂದಿದಾಳೆ ಮಿಸ್" ಅಂದಿದ್ದಳು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಮೂರು ವರ್ಷ ರೇಡಿಯೋ ಆ ತರಗತಿಯಲ್ಲಿ ಇದ್ದಾಳೆಂದು ಸಾಕ್ಷಿ ಹೇಳಿದವಳು ಅವಳೊಬ್ಬಳೇ.

ಲೆಕ್ಕ ಹೇಳಿಸಿಕೊಳ್ಳುವ ನೆಪದಲ್ಲಿ ರೇಡಿಯೋ ದಿನಾ ಸಂಜೆ ಅವಳ ಮನೆಗೆ ಹೋಗುತ್ತಿದ್ದಳು. ಇಪ್ಪತ್ತೇಳರ ಅಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದವಳು. ಆ ದನಿ ಗೊತ್ತಿಲ್ಲದವರು ಊರಲ್ಲಿ ಇರಲಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಯಿತು. ಮಾತೆಲ್ಲ ಹೋಗಿ ಉಳಿದದ್ದು ಒಂದೇ ಕರೆ. "ಪುಟ್ಟೀ" ಅನ್ನಬೇಕು, ತುಟಿ ಕೂಡುತ್ತಿರಲಿಲ್ಲ. ದವಡೆ ಒಂದು ಕಡೆಗೆ ಜಾರಿ, ಗಂಟಲಿನ ತಳದಿಂದ ಬರುತ್ತಿತ್ತು: "ಉ... ಟ್ಟೀ." ನೀರಿಗೂ ಅದೇ, ನೋವಿಗೂ ಅದೇ, ಮಗಳ ಮೇಲಿನ ಅಕ್ಕರೆಗೂ ಅದೇ. ಮಗಳು ಕೈಲಿದ್ದದ್ದನ್ನು ಬಿಟ್ಟು "ಬಂದೆ ಅಮ್ಮಾ" ಎಂದು ಓಡುತ್ತಿದ್ದಳು.

ಒಂದು ಸಂಜೆ ರೇಡಿಯೋ ಅಭ್ಯಾಸಬಲದಿಂದ, ಆಕೆಯ ಎದುರಿಗೇ, ಆ ಕರೆಯನ್ನು ತೆಗೆದುಬಿಟ್ಟಳು. ತೆಗೆದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಅಮ್ಮ ನಕ್ಕಳು! ಅರ್ಧ ಮುಖದಲ್ಲಿ, ಕಣ್ಣಿಂದ ನೀರು ಸುರಿಯುವವರೆಗೆ ನಕ್ಕಳು. ಆಮೇಲೆ ದಿನಾ ಸಂಜೆ ಅದೇ ಆಟ. ಆಕೆ ಇಲ್ಲಿಂದ ಕರೆಯುವುದು, ರೇಡಿಯೋ ಅಲ್ಲಿಂದ ಕರೆಯುವುದು, ಮಗಳು ಯಾವ ಕಡೆ ಓಡಬೇಕೆಂದು ತಿಳಿಯದೆ ನಡುಮನೆಯಲ್ಲಿ ಗಿರಗಿರ ಸುತ್ತುವುದು. ಆ ಮನೆಯಲ್ಲಿ ಅಷ್ಟು ನಗು ಬೇರೆ ಯಾವಾಗಲೂ ಕೇಳಿರಲಿಲ್ಲ.

ಪರೀಕ್ಷೆಗೆ ಎರಡು ತಿಂಗಳಿರುವಾಗ ಅಮ್ಮ ತೀರಿಕೊಂಡಳು. ಎಂಟು ದಿನ ಬಿಟ್ಟು ಶಾಲೆಗೆ ಬಂದ ಇಪ್ಪತ್ತೇಳು ಬೆಂಚಿನಲ್ಲಿ ಕೂತು, ಪುಸ್ತಕದಿಂದ ಕಣ್ಣೆತ್ತದೆ, ಒಂದು ಮಾತು ಕೇಳಿದಳು.

"ಅಮ್ಮನ ದನಿ ಮರ್ತುಹೋಗ್ತಾ ಇದೆ ಕಣೇ. ಮೈಕಲ್ಲಿ ಹೇಳ್ತಿದ್ದದ್ದು ನೆನಪಿದೆ, ಕರೀತಿದ್ದದ್ದು ನೆನಪಿಗೆ ಬರ್ತಿಲ್ಲ. ನಿನ್ನ ಹತ್ರ ಇದೆ ಅಲ್ವಾ?"

"ಇದೆ."

"ಈಗ ಬೇಡ. ತಡ್ಕೊಳಕ್ಕೆ ಆಗಲ್ಲ. ಯಾವತ್ತಾದ್ರೂ ನಾನೇ ಕೇಳ್ತೀನಿ. ಆಗ ಮಾಡು, ನನ್ನೊಬ್ಬಳಿಗೆ. ಬೇರೆ ಯಾರ ಮುಂದೆನೂ ತೆಗೀಬೇಡ. ನನ್ನಾಣೆ."

"ನಿನ್ನಾಣೆ," ಅಂದಿದ್ದಳು ರೇಡಿಯೋ. ಸುಳ್ಳು ಹೇಳಿರಲಿಲ್ಲ. ಅಂದಾಗ ನಿಜವಾಗಿಯೂ ಮನಸ್ಸಿನಿಂದಲೇ ಅಂದಿದ್ದಳು.

ಈಗ ಈ ಕೊನೆಯ ದಿನಕ್ಕೆ ಬನ್ನಿ. ನಾಳೆಯಿಂದ ಒಬ್ಬೊಬ್ಬರದು ಒಂದೊಂದು ದಿಕ್ಕು. ಲೀಡರ್ ದೊಡ್ಡ ಕಾಲೇಜಿಗೆ, ಗುಂಡ ಮಾವನ ಅಂಗಡಿಗೆ. ರೇಡಿಯೋಗೆ ಇಸ್ತ್ರಿ ಮೇಜು ಕಾದಿತ್ತು. ಅವಳ ಅಮ್ಮನ ಮೊಣಕೈ ಊದಿಕೊಂಡು ಆರು ತಿಂಗಳಾಗಿತ್ತು. ಮತ್ತೆ ಅದೇ "ಶ್!" ಇವರೆಲ್ಲ ಮುಂದೆ ಎಲ್ಲೋ ಕೂತು ಹಳೆಯದನ್ನು ನೆನೆಸಿಕೊಳ್ಳುವಾಗ ಒಬ್ಬರಾದರೂ "ರೇಡಿಯೋ ಇದ್ದಳಲ್ಲ!" ಅನ್ನಬೇಕು. ಅದಕ್ಕೆ ಇವತ್ತೊಂದೇ ದಿನ ಉಳಿದಿತ್ತು.

ಲೀಡರ್ ತಂತಿಯ ಕನ್ನಡಕ ಸಿಕ್ಕಿಸಿಕೊಂಡಳು. "ಸೈಲೆನ್ಸ್! ಕೊನೇ ಹಾಜರಿ. ಇವತ್ತು ಯಾರಿಗೂ ರಿಯಾಯಿತಿ ಇಲ್ಲ. ನಲವತ್ತೊಂದಕ್ಕೆ ನಲವತ್ತೊಂದು."

ರೇಡಿಯೋ ಪಕ್ಕಕ್ಕೆ ನೋಡಿದಳು. ಇಪ್ಪತ್ತೇಳು ಪಿಸುಗುಟ್ಟಿದಳು: "ನನ್ನ ಬೇಕಾದ್ರೆ ಮಾಡು ಕಣೇ, ಪರವಾಗಿಲ್ಲ. ಕೊನೇ ದಿನ ತಾನೇ." ಎಷ್ಟು ಒಳ್ಳೆಯ ಹುಡುಗಿ ನೋಡಿ.

ಆಟ ಶುರುವಾಯಿತು. ಅವತ್ತು ಮಾಡಿದಷ್ಟು ಚೆನ್ನಾಗಿ ರೇಡಿಯೋ ಹಿಂದೆಂದೂ ಮಾಡಿರಲಿಲ್ಲ. ಏಳನೆಯವನ ತೊದಲು, ಹನ್ನೆರಡನೆಯವಳ ಜಂಬ, ಹತ್ತೊಂಬತ್ತನೆಯ ಗುಂಡ ಲ್ಯಾಬಿನ ಬಾಗಿಲು ಬಡಿಯುತ್ತ ಅತ್ತದ್ದು. ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಸಲ ಫೇಲಾಗಿ ಹಿಂದಿನ ಬೆಂಚಿನಲ್ಲಿ ಮೀಸೆ ಬಿಟ್ಟುಕೊಂಡು ಕೂತಿದ್ದ ದೊಡ್ಡಣ್ಣನಂತೂ ಬೆಂಚಿನಿಂದ ಕೆಳಗೆ ಬಿದ್ದ.

"ಇಪ್ಪತ್ತೇಳು."

"ಪ್ರೆಸೆಂಟ್ ಮಿಸ್," ಅಂದಳು ರೇಡಿಯೋ, ಇಪ್ಪತ್ತೇಳರ ಸಣ್ಣ ದನಿಯಲ್ಲಿ.

ಯಾರೂ ನಗಲಿಲ್ಲ.

"ಅಷ್ಟೇನಾ?" ಅಂದಳು ಲೀಡರ್. "ಉಪ್ಪಿಲ್ಲ, ಹುಳಿ ಇಲ್ಲ."

"ಮೂರು ವರ್ಷ ಕಾದಿದ್ದಕ್ಕೆ ಇದಾ?" ದೊಡ್ಡಣ್ಣ ಬೆಂಚು ಕುಟ್ಟಿದ. "ರೇಡಿಯೋ ಸೆಲ್ ವೀಕಾಯ್ತು ಕಣ್ರೋ! ಆಫ್ ಮಾಡಿ ಮೂಲೆಗಿಡಿ!"

ಕೋಣೆಯ ಕಾವು ಇಳಿಯತೊಡಗಿತು. ಒಬ್ಬಳು ಬ್ಯಾಗಿನ ಜಿಪ್ ಎಳೆದಳು, ಇಬ್ಬರು ಕಿಟಕಿಯ ಹೊರಗೆ ನೋಡಿದರು. ಇಪ್ಪತ್ತೇಳು ಅವಳ ತೋಳು ಮುಟ್ಟಿ ಸಣ್ಣಗೆ ನಕ್ಕಳು. ಸಾಕು ಬಿಡೇ, ಮುಂದಕ್ಕೆ ಹೋಗು ಅನ್ನುವ ನಗು. ಅಲ್ಲಿಗೇ ಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು ಹೇಳಿ? ಇನ್ನೂ ಎಷ್ಟೋ ನಂಬರ್ ಇದ್ದವು, ಅವುಗಳಲ್ಲಿ ನಗಿಸಬಹುದಿತ್ತು. ಆದರೆ ಆ ಜಿಪ್ಪಿನ ಸದ್ದು ಹುಡುಗಿಗೆ ತಡೆಯಲಾಗಲಿಲ್ಲ. ಅವಳ ಹತ್ತಿರ ಇನ್ನೊಂದು ದನಿ ಇತ್ತು. ಅದು ಯಾವತ್ತೂ ನಗಿಸದೆ ಇದ್ದದ್ದಿಲ್ಲ.

ರೇಡಿಯೋಳ ದವಡೆ ಎಡಕ್ಕೆ ಜಾರಿತು. ಒಂದು ಕಣ್ಣು ಅರ್ಧ ಮುಚ್ಚಿತು.

"ಉ... ಟ್ಟೀ!"

ಕೋಣೆ ಕಿತ್ತುಹೋಗುವ ಹಾಗೆ ನಗು. ಅದು ಯಾರ ದನಿ, ಏನು, ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಆ ನಗುವಿನ ನಡುವೆ ಇಪ್ಪತ್ತೇಳು ಎದ್ದು ನಿಂತಿದ್ದಳು.

"ಬಂದೆ ಅಮ್ಮಾ," ಅಂದಳು.

ಅಂದು, ಬೆಂಚಿನಿಂದ ಆಚೆ ಬಂದು, ಎರಡು ಹೆಜ್ಜೆ ಓಡಿದಳು. ಎದುರಿಗೆ ಕರಿಹಲಗೆ ಇತ್ತು. ಅಲ್ಲೇ ನಿಂತಳು.

ನಗು ಇನ್ನೂ ಜೋರಾಯಿತು. ಮುಂದಿನ ಬೆಂಚಿನ ಒಂದಿಬ್ಬರು ಹುಡುಗಿಯರಿಗೆ ಅರ್ಥವಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಕೈಯ ಹಿಂದೆಯೂ ನಗು ಇತ್ತು, ಪಾಪ, ನಿಲ್ಲಿಸಲು ಅವರಿಂದ ಆಗಲಿಲ್ಲ. ದೊಡ್ಡಣ್ಣ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದ: "ಒನ್ಸ್ ಮೋರ್!" ಕೋಣೆಗೆ ಕೋಣೆಯೇ ಕೂಗಿತು: "ಒನ್ಸ್ ಮೋರ್! ಒನ್ಸ್ ಮೋರ್!"

ರೇಡಿಯೋ ಕರಿಹಲಗೆಯ ಕಡೆ ನೋಡಿದಳು. ನಿಲ್ಲಿಸಿದರೆ, ತಾನು ಮಾಡಿದ್ದೇನೆಂದು ಎಲ್ಲರಿಗೂ ತಿಳಿಯುತ್ತದೆ. ನಿಲ್ಲಿಸದಿದ್ದರೆ ಅದು ಬರೀ ಆಟ. ಹೀಗೆ ಯೋಚಿಸಿದಳು, ನೀಚ ಹುಡುಗಿ. ಯೋಚಿಸಿ, ಮತ್ತೆ ದವಡೆ ಜಾರಿಸಿದಳು.

"ಉ... ಟ್ಟೀ."

ಈ ಸಲ ಇಪ್ಪತ್ತೇಳು ಓಡಲಿಲ್ಲ. ಕರಿಹಲಗೆಯ ಮುಂದೆ ನಿಂತಲ್ಲೇ ಕಣ್ಣು ಮುಚ್ಚಿದಳು. ಸುತ್ತ ಮೂವತ್ತೊಂಬತ್ತು ಜನ ಕೇಕೆ ಹಾಕುತ್ತಿರುವಾಗ ಅವಳು ಆ ದನಿಯನ್ನು ಕೇಳಿಸಿಕೊಂಡಳು. ಮುಗಿಯುವವರೆಗೂ ಕೇಳಿಸಿಕೊಂಡಳು. ಎಂದೋ ಒಂದು ದಿನ ಒಬ್ಬಳೇ ಕೂತು ಕೇಳಬೇಕೆಂದು ಇಟ್ಟುಕೊಂಡಿದ್ದದ್ದು ಅಲ್ಲಿಗೆ ಮುಗಿಯಿತು. ಆಮೇಲೆ ಕಣ್ಣು ತೆರೆದಳು. ಕಣ್ಣಲ್ಲಿ ನೀರಿರಲಿಲ್ಲ. ಬಂದು ತನ್ನ ಜಾಗದಲ್ಲಿ, ರೇಡಿಯೋಳ ಪಕ್ಕದಲ್ಲಿ, ಲಂಗ ಸರಿಮಾಡಿಕೊಂಡು ಕೂತಳು.

ರೇಡಿಯೋಗೆ ಉಸಿರು ಬಂದ ಹಾಗಾಯಿತು. ಪಕ್ಕದಲ್ಲೇ ಕೂತಳಲ್ಲ! ಸಂಜೆ ಮನೆಗೆ ಹೋಗಿ ಕಾಲು ಹಿಡಿದರೆ ಆಯಿತು. ಒಳ್ಳೆಯ ಹುಡುಗಿ, ಕ್ಷಮಿಸುತ್ತಾಳೆ.

ಲೀಡರ್ ಕಣ್ಣೊರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಮುಂದಿನದನ್ನು ಕೂಗಿದಳು.

"ಇಪ್ಪತ್ತೆಂಟು."

ಎಲ್ಲರೂ ಇಪ್ಪತ್ತೇಳರ ಕಡೆ ತಿರುಗಿದರು. ರೇಡಿಯೋಳೂ ತಿರುಗಿದಳು. ಮೂರು ವರ್ಷದ ರೂಢಿ.

ಇಪ್ಪತ್ತೇಳು ಎದ್ದು ನಿಂತಳು. ಯಾವತ್ತೂ ಎದ್ದು ನಿಂತು ಹೇಳಿದವಳಲ್ಲ. ದನಿಯೂ ಅಷ್ಟು ಸ್ಪಷ್ಟವಾಗಿ ಯಾವತ್ತೂ ಕೇಳಿಸಿರಲಿಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಕೇಳಿಬರುತ್ತಿದ್ದ ಹಾಗೆ, ಒಂದೊಂದು ಅಕ್ಷರವೂ ಬೇರೆ ಬೇರೆ.

"ಬಂದಿಲ್ಲ ಮಿಸ್."

"ಬಂದಿಲ್ವಾ?" ಲೀಡರ್‌ಗೆ ಖುಷಿಯೋ ಖುಷಿ. "ಯಾಕಂತೆ?"

"ಗೊತ್ತಿಲ್ಲ ಮಿಸ್. ಅವಳು ಯಾರು ಅಂತಲೇ ನಂಗೆ ಗೊತ್ತಿಲ್ಲ."

ಲೀಡರ್ ಆಟಕ್ಕೆ ತಕ್ಕ ಹಾಗೆ ಕೆಂಪು ಪೆನ್ಸಿಲ್ ಎತ್ತಿ ಹಾಜರಿ ಪುಸ್ತಕದಲ್ಲಿ ದಪ್ಪಗೆ ಒಂದು ಗೆರೆ ಎಳೆದಳು. ಅವತ್ತಿನ ಅತಿ ದೊಡ್ಡ ನಗು ಅದೇ. "ಇಪ್ಪತ್ತೇಳು ಜೋಕ್ ಹೊಡೆದ್ಲು ಕಣ್ರೋ!" ಎಂದು ಹಿಂದಿನಿಂದ ಶಿಳ್ಳೆ ಬಿತ್ತು. ಗುಂಡ ಮೂರು ವರ್ಷದಲ್ಲಿ ಮೊದಲ ಸಲ ಮನಸಾರೆ ನಕ್ಕ. ಇಪ್ಪತ್ತೇಳು ಬ್ಯಾಗು ಹೆಗಲಿಗೆ ಹಾಕಿಕೊಂಡು, ಬೆಂಚುಗಳ ನಡುವೆ ನಡೆದು, ಬಾಗಿಲು ದಾಟಿ ಹೋದಳು. ನಗುವಿನಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ರೇಡಿಯೋ ಗಮನಿಸಿದಳು. ಇದ್ದೀನಿ ಕಣೇ, ಇಲ್ಲೇ ಇದ್ದೀನಿ ಎಂದು ಕೂಗಬೇಕೆಂದು ಬಾಯಿ ತೆರೆದಳು. ಗಂಟಲಲ್ಲಿ ಗುಂಡನ ದನಿ ಇತ್ತು, ಲೀಡರ್‌ಳದು ಇತ್ತು, ದೊಡ್ಡಣ್ಣನದು ಇತ್ತು, ಸತ್ತ ಹೆಂಗಸಿನದೂ ಇತ್ತು. ಯಾವುದರಲ್ಲಿ ಕೂಗಿದರೆ ಆ ಹುಡುಗಿ ತಿರುಗಿ ನೋಡಿಯಾಳು? ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

"ಇಪ್ಪತ್ತೊಂಬತ್ತು," ಅಂದಳು ಲೀಡರ್.

"ಪ್ರೆಸೆಂಟ್ ಮಿಸ್," ಅಂದಳು ರೇಡಿಯೋ, ಇಪ್ಪತ್ತೊಂಬತ್ತನೆಯವನ ಮೂಗಿನ ದನಿಯಲ್ಲಿ, ಒಂದಿಷ್ಟೂ ತಪ್ಪಿಲ್ಲದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೂ ಹನ್ನೆರಡು ನಂಬರ್ ಬಾಕಿ ಇದ್ದವು.