ಬೀಗರ ಪಂಕ್ತಿಯಲ್ಲಿ ಕಟ್ಟಿದ ಪದ

ನನ್ನ ಹೆಸರು ಮಧುಶ್ರೀ, ಊರು ನೊಣವಿನಕೆರೆ, ಸಿಟ್ಟು ಮೂಗಿನ ತುದಿಯಲ್ಲಿ. ತಿಪಟೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಮಿಕ್ಕ ಹೊತ್ತಿನಲ್ಲಿ ಗಿಟಾರ್ ಹಿಡಿದು, ನಾನೇ ಹಾಡು ಬರೆದು, ನಾನೇ ಹಾಡುತ್ತೇನೆ. ಕಳೆದ ಫೆಬ್ರವರಿಯ ತನಕ ನನ್ನ ಹಾಡುಗಳಲ್ಲಿ ಚಂದಿರ, ಒಂಟಿತನ, ಮೌನ, ಮತ್ತೆ ಚಂದಿರ, ಇಷ್ಟೇ ಇದ್ದವು. ನಮ್ಮಜ್ಜಿ ರಂಗಕ್ಕ ಕೇಳಿಸಿಕೊಂಡು, "ಚೆಂದಾಗೈತೆ ಕಣವ್ವ. ಆದ್ರೆ ಇದು ಯಾರ ಮನೆ ಸುದ್ದಿ?" ಅನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅಜ್ಜಿ ಸಾಮಾನ್ಯದವಳಲ್ಲ. ಬೀಗರ ಪದದಲ್ಲಿ ಮೂರು ತಾಲ್ಲೂಕಿಗೆ ಹೆಸರಾದವಳು. ನಮ್ಮ ಕಡೆ ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲೇ ಬೈಯುತ್ತಾರೆ. ಅವರೂ ಹಾಡಿನಲ್ಲೇ ತಿರುಗಿಸಿ ಕೊಡುತ್ತಾರೆ. ಬೈಸಿಕೊಂಡವರು ಮುಖ ಗಂಟು ಹಾಕಿಕೊಂಡರೆ ಸೋತ ಹಾಗೆ. ಎದುರು ಹಾಡದೆ ಸುಮ್ಮನೆ ಕೂತವರನ್ನಂತೂ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಅಜ್ಜಿ ಪದ ಕಟ್ಟಲು ಕಲಿತದ್ದು ಕೊಬ್ಬರಿ ಒಡೆಯುವ ಅಂಗಳದಲ್ಲಿ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿ ಇಳಿಸಿ, ಹತ್ತು ಹೆಂಗಸರು ಚಿಪ್ಪು ಬಿಡಿಸುತ್ತಾ, ದಾರಿಯಲ್ಲಿ ಹೋಗುವವರ ಮೇಲೆಲ್ಲ ಪದ ಹೆಣೆಯುತ್ತಿದ್ದರಂತೆ. "ಮೊದ್ಲು ಮಖ ನೋಡು, ಆಮೇಲೆ ಕೈ ನೋಡು, ಆಮೇಲೆ ಕಾಲು ನೋಡು. ಮೂರು ನುಡಿ ಆಗೋಯ್ತು," ಎನ್ನುವುದು ಅವಳ ಪಾಠ. ಚಿಕ್ಕವಳಿದ್ದಾಗ ನಾನೂ ಅವಳ ಪಕ್ಕ ಕೂತು ಈ ಆಟ ಆಡಿದ್ದೆ. ಗಿಟಾರ್ ಬಂದ ಮೇಲೆ ಅದೆಲ್ಲ ಹಳ್ಳಿ ಗಮಾರತನ ಅನ್ನಿಸಿ ಬಿಟ್ಟುಬಿಟ್ಟೆ. ಕೊಬ್ಬು, ಇನ್ನೇನು!

ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗಳು ಪವಿತ್ರಾಳ ಮದುವೆ ಬಂತು. ಹುಡುಗ ಹುಳಿಯಾರಿನ ತಿಮ್ಮೇಶ್. ಅದಕ್ಕೆ ಹದಿನೈದು ದಿನ ಮುಂಚೆ ಅಜ್ಜಿಯ ಗಂಟಲು ಕಟ್ಟಿತು. ಡಾಕ್ಟರು ನೋಡಿ, ಮೆಲ್ಲಗೆ ಮಾತಾಡಬಹುದು, ಹಾಡುವುದು ಮಾತ್ರ ಇನ್ನು ಆಗದು ಎಂದುಬಿಟ್ಟರು. ಅಜ್ಜಿ ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದಳು.

ಮದುವೆ ಮಾಯಸಂದ್ರದ ಕಲ್ಯಾಣ ಮಂಟಪದಲ್ಲಿ. ಬೀಗರು ಊಟಕ್ಕೆ ಕೂತರು. ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಅಜ್ಜಿ ಹಾಡಿದ್ದಕ್ಕೆ ದನಿ ಕೂಡಿಸಿದ್ದವರೇ ಹೊರತು ಪದ ಕಟ್ಟಿದವರು ಯಾರೂ ಇಲ್ಲ. ಅಷ್ಟರಲ್ಲಿ ಗಂಡಿನ ಅಜ್ಜಿ ಕೊಲ್ಲಾಪುರಮ್ಮ ಎಲೆಯ ಮುಂದಿನಿಂದಲೇ ಶುರು ಮಾಡಿದಳು.

"ಹೆಣ್ಣಿನ ಮನೆಯೋರ ಸಾರು ಬಲು ತಿಳಿಸಾರು
ಕಾಳೊಂದು ಸಿಕ್ಕಿದರೆ ಕರೆಯೀರೆ, ಬೀಗಿತ್ತಿ,
ಊರೆಲ್ಲ ಡಂಗೂರ ಹೊಡೆಸೇವು!"

ಗಂಡಿನ ಕಡೆಯವರು ಹೋ ಎಂದರು. "ಏನ್ ರಂಗಕ್ಕ, ಉತ್ರ ಇಲ್ವಾ? ನಿನ್ ಪದದ ಮೂಟೆ ಇಲಿ ತಿಂದ್ವೋ?" ಎಂದು ಕೊಲ್ಲಾಪುರಮ್ಮ ಕೆಣಕಿದಳು. ಅವಳಿಗೆ ಗಂಟಲಿನ ವಿಷಯ ಗೊತ್ತಿರಲಿಲ್ಲ, ಪಾಪ. ಅಜ್ಜಿ ಬಾಯಿ ತೆರೆದಳು. ಬರೀ ಗಾಳಿ ಬಂತು. ತಲೆ ತಗ್ಗಿಸಿ ಕೂತಳು.

ಅಜ್ಜಿ ತಲೆ ತಗ್ಗಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಎದ್ದು ನಿಂತು ಪಂಕ್ತಿ ನೋಡಿದೆ. ತಿಮ್ಮೇಶನ ಪಕ್ಕದಲ್ಲಿ ಅವನ ಸೋದರಮಾವ ಕೂತಿದ್ದರು. ಅವರು ರಂಗರಾಜು, ತಿಪಟೂರಿನ ಕಲಾ ಬಳಗವೊಂದರ ಕಾರ್ಯದರ್ಶಿ. ತಿಂಗಳ ಕೊನೆಗೆ ಹೊಸ ಹಾಡುಗಾರರ ಕಾರ್ಯಕ್ರಮ, ಬರೀ ನಾಲ್ಕು ಜನಕ್ಕೆ ಅವಕಾಶ. ನಾನೂ ಮೂರು ಹಾಡು ರೆಕಾರ್ಡ್ ಮಾಡಿ ಕಳಿಸಿದ್ದೆ. ಸೋಮವಾರ ಪಟ್ಟಿ ಹೊರಬೀಳುವುದಿತ್ತು. ಆ ವೇದಿಕೆಗಾಗಿ ಎರಡು ವರ್ಷದಿಂದ ಬಾಯಿ ಬಾಯಿ ಬಿಡುತ್ತಿದ್ದೆ.

ಇಡೀ ಪಂಕ್ತಿಯಲ್ಲಿ ಪದ ಕಟ್ಟಲಿಕ್ಕೆಂದೇ ಹುಟ್ಟಿದ ಹಾಗಿದ್ದವರು ಅವರೊಬ್ಬರೇ! ಮೀಸೆಗೆ ಹಚ್ಚಿದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಎರಡು ಕೈಗೆ ಎರಡು ಫೋನು. ಕಾಲು ಬರಿಗಾಲು, ಯಾಕೆಂದರೆ ಹೊಸ ಬೂಟು ಪ್ಲಾಸ್ಟಿಕ್ ಕವರಿನಲ್ಲಿ ಮಡಿಲೇರಿ ಕೂತಿತ್ತು. ಇವರ ಮೇಲೆ ಹಾಡಿದರೆ ನನ್ನ ವೇದಿಕೆ ಹೋಯಿತು. ಹಾಡದಿದ್ದರೆ ಅಜ್ಜಿಯ ತಲೆ ಮೇಲೇಳುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ, ಆದದ್ದಾಗಲಿ ಎಂದುಕೊಂಡು ದನಿ ಎತ್ತಿದೆ.

"ಮೀಸೇಗೆ ಬಳಿದಾನೆ ಕಾಡಿಗೆಯ ಕರಿಬಣ್ಣ
ಬೆವರೀಗೆ ಇಳಿದಾವೆ ಹನಿಯೆರಡು, ಬೀಗಣ್ಣ,
ಪಾಯಸಕೆ ಬಿದ್ದಾವು ನೋಡಿಕೊಳ್ಳೊ!

ಎಡಗೈಲಿ ಒಂದ್ಫೋನು ಬಲಗೈಲಿ ಒಂದ್ಫೋನು
ಹೋಳೀಗೆ ಮುರಿಯಾಕೆ ಕೈಯೆಲ್ಲಿ, ಬೀಗಣ್ಣ,
ಬಾಯ್ತೆರೆಯೊ ನಾವೇ ತುರುಕೇವು!

ಹೊಸಬೂಟು ಕಳುವಾಗ್ತಾವಂತೇಳಿ ಬೀಗಣ್ಣ
ಮಡಿಲಾಗೆ ಮಲಗ್ಸಿ ಕೂತವ್ನೆ, ಆ ಕೂಸೀಗೆ
ಜೋಗುಳವ ಯಾರು ಹಾಡ್ತೀರೆ!"

ಮೊದಲ ನುಡಿಗೇ ಅಜ್ಜಿಯ ತಲೆ ಎದ್ದಿತ್ತು. ಎರಡನೆಯದಕ್ಕೆ ಚಪ್ಪಾಳೆಯಲ್ಲಿ ತಾಳ ಹಾಕಿದಳು. ಮೂರನೆಯದಕ್ಕೆ ನಮ್ಮ ಹೆಂಗಸರೆಲ್ಲ ದನಿ ಕೂಡಿಸಿದರು. ಬಡಿಸುವವರು ಬಕೆಟ್ ಕೆಳಗಿಟ್ಟು ನಕ್ಕರು. ಕೊಲ್ಲಾಪುರಮ್ಮನಿಗೆ ನಕ್ಕು ನಕ್ಕು ನೆತ್ತಿ ಹತ್ತಿತು.

ರಂಗರಾಜು ಮಾತ್ರ ನಗಲಿಲ್ಲ. ಬೂಟಿನ ಕವರು ಹಿಡಿದು ಎದ್ದು ಸೀದಾ ನನ್ನ ಮುಂದೆ ಬಂದು ನಿಂತರು.

"ಈ ದನಿ ಎಲ್ಲೋ ಕೇಳಿದೀನಿ. ಚಂದಿರನ ಮೇಲೆ ಮೂರು ಹಾಡು ಕಳ್ಸಿದ್ದೋಳು ನೀನೇ ಏನಮ್ಮ?"

"ಹೂಂ ಸಾರ್."

"ಮೂರೂ ಕೇಳ್ದೆ. ಒಂದು ಸಾಲೂ ನೆಪ್ಪಲ್ಲಿ ನಿಲ್ಲಲಿಲ್ಲ. ಪಟ್ಟೀಲಿ ನಿನ್ ಹೆಸರಿಲ್ಲ."

ಹೋಗಲಿ, ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ! "ಹಂಗಾದ್ರೆ ಬೈದಿದ್ದಕ್ಕೆ ನಂಗೇನೂ ನಷ್ಟ ಆಗ್ಲಿಲ್ಲ ಬುಡಿ ಸಾರ್," ಎಂದೆ.

ಆಗ ಅವರು ನಕ್ಕರು. ಮೀಸೆಯ ಬಣ್ಣವೆಲ್ಲ ತುಟಿಗೆ ಬಂದಿತ್ತು. "ಇದನ್ನ ಸಾಯೋಗಂಟ ಮರೆಯಕ್ಕಾಗಲ್ಲ ಕಣಮ್ಮ. ನಾನು ಮರೆತ್ರೂ ನಮ್ಮ ನೆಂಟ್ರು ಬುಡಲ್ಲ. ಇಂಥವು ಕಟ್ಟಿ ಹಾಡ್ತೀಯ ಅಂದ್ರೆ ಐದನೇ ಹೆಸರು ಸೇರಿಸ್ತೀನಿ."

"ಬೂಟಿನ ನುಡಿ ತೆಗೀಬೇಕಾ ಸಾರ್?"

"ಅದನ್ನ ತೆಗೆದ್ರೆ ಅದ್ರಾಗೆ ಇನ್ನೇನೈತೆ?"

ನಾನು ಅಜ್ಜಿಯ ಕಡೆ ತಿರುಗಿದೆ. "ನೀನೂ ವೇದಿಕೆ ಹತ್ತಿದ್ರೆ ಹಾಡ್ತೀನಿ. ಇಲ್ದಿದ್ರೆ ಇಲ್ಲ."

"ಗಂಟಲಿಲ್ಲದ ಮುದುಕಿ ಯಾಕೆ ಬುಡು."

"ತಾಳ ಯಾರು ಹಾಕ್ತಾರೆ, ನಿಮ್ಮಪ್ಪ ಬತ್ತಾನಾ?"

ಅಜ್ಜಿ ಎರಡೂ ಕೈಯಲ್ಲಿ ನನ್ನ ಮುಖ ಹಿಡಿದಳು. ಪಿಸುದನಿ ನನಗೊಬ್ಬಳಿಗೇ ಕೇಳುವಷ್ಟು. "ಪದ ಕಟ್ಟೋದು ನನ್ ಜತೇಲೇ ಮಣ್ಣಿಗೋಯ್ತದೆ ಅಂದ್ಕೊಂಡಿದ್ದೆ ಕಣೆ. ಹದಿನೈದು ದಿನದಿಂದ ಅದೇ ಅಳು ನಂಗೆ." ಅಷ್ಟು ಕೇಳಿದ್ದೇ ನಾನೂ ಅತ್ತುಬಿಟ್ಟೆ, ಇಡೀ ಪಂಕ್ತಿಯ ಎದುರಿಗೆ, ನಾಚಿಕೆಯಿಲ್ಲದೆ.

"ಅಳೋದೆಲ್ಲ ಆಮೇಲೆ ಇಟ್ಕಳ್ರೇ! ಈಗ ನಮ್ ಸರದಿ!" ಎಂದು ಕೊಲ್ಲಾಪುರಮ್ಮ ಕೈ ತೊಳೆದುಕೊಂಡು ಸೆರಗು ಬಿಗಿದಳು.

ಅಜ್ಜಿ ಕಣ್ಣೊರೆಸಿಕೊಂಡು ಕತ್ತೆತ್ತಿದಳು. "ಬಾರೆ ನೋಡಾನ," ಎಂದಳು. "ನನ್ ಮೊಮ್ಮಗಳವ್ಳೆ."