ಇಪ್ಪತ್ತಮೂರನೆಯ ಡಬ್ಬಿ

ಮದುವೆಯಾಗಿ ದಂಡಿಗನಹಳ್ಳಿಗೆ ಬಂದ ಮಾರನೆಯ ದಿನವೇ ಅನುಶ್ರೀ ಉಗ್ರಾಣದ ಬಾಗಿಲು ತೆಗೆದು ನೋಡಿದಳು. ನೋಡಿ ಹಾಗೆಯೇ ಮುಚ್ಚಿದಳು. ಅಡುಗೆಮನೆಗೆ ಅಂಟಿಕೊಂಡಿದ್ದ ಆ ಕತ್ತಲೆ ಕೋಣೆಯಲ್ಲಿ ಯಾವುದು ಎಲ್ಲಿದೆ ಎಂದು ಬಲ್ಲವರು ಆ ಮನೆಯಲ್ಲಿ ಒಬ್ಬರೇ, ಅತ್ತೆ ಚಿಕ್ಕಲಕ್ಷ್ಮಮ್ಮ. ತೊಗರಿಬೇಳೆ ಎಣ್ಣೆಯ ಟಿನ್ನಿನಲ್ಲಿ, ಸಕ್ಕರೆ ಹಾಲಿನ ಪುಡಿಯ ಡಬ್ಬದಲ್ಲಿ, ಹುಣಸೆಹಣ್ಣು ಬಾಯಿ ಒಡೆದ ಜಾಡಿಯಲ್ಲಿ, ಒಣಮೆಣಸಿನಕಾಯಿ ಯೂರಿಯಾ ಚೀಲದಲ್ಲಿ. ಚೀಲ ತೊಳೆದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹಾಸನದ ಪೇಟೆಯಲ್ಲಿ ಬೆಳೆದ ಹುಡುಗಿಗೆ ಆ ಚೀಲದ ಮೇಲಿನ ಅಕ್ಷರ ಓದಿದ ಮೇಲೆ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಹದಿನೈದು ದಿನ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಹದಿನಾರನೆಯ ದಿನ ಅವಳು ಉಪ್ಪೆಂದು ಸೋಡಾಪುಡಿ ಹಾಕಿದ ಸಾರನ್ನು ಗಂಡ ಕುಮಾರ್ ಬಾಯಿಗಿಟ್ಟು ಬಚ್ಚಲಿಗೆ ಓಡಿದಾಗ, ಈ ಕೋಣೆಯನ್ನು ಸರಿಮಾಡದೆ ಬಿಟ್ಟರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡಳು. ಮುಂದಿನ ಸಲ ತವರಿಗೆ ಹೋದವಳು ಹಾಸನದ ವಸ್ತುಪ್ರದರ್ಶನದಿಂದ ಇಪ್ಪತ್ತನಾಲ್ಕು ಪ್ಲಾಸ್ಟಿಕ್ ಡಬ್ಬಿ ತಂದಳು. ಎಲ್ಲವೂ ಒಂದೇ ಅಳತೆ, ಒಳಗಿನ ಸಾಮಾನು ಹೊರಗೆ ಕಾಣುವಂಥವು, ಎಲ್ಲಕ್ಕೂ ನೀಲಿ ಮುಚ್ಚಳ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಮಾಡುತ್ತಿದ್ದ ಕುಮಾರ್, ಬಸ್ಸಿನಿಂದ ಆ ಗಂಟುಗಳನ್ನು ಇಳಿಸಿಕೊಳ್ಳುವಾಗ, ಊರಲ್ಲಿ ಅಂಗಡಿ ಇಡುವ ಯೋಚನೆಯೇನಾದರೂ ಇದೆಯೋ ಎಂದು ಕೇಳಿದ.

ಅತ್ತೆಯ ಎದುರಿಗೆ ಉಗ್ರಾಣಕ್ಕೆ ಕೈಹಾಕುವ ಧೈರ್ಯ ಅವಳಿಗೂ ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಚಿಕ್ಕಲಕ್ಷ್ಮಮ್ಮ ಮಗಳ ಮನೆಯ ಗೃಹಪ್ರವೇಶಕ್ಕೆಂದು ಅರಸೀಕೆರೆಗೆ ಹೊರಟಳು, ಎಂಟು ದಿನಕ್ಕೆ. ಅತ್ತೆಯ ಬಸ್ಸು ಊರಬಾಗಿಲು ದಾಟುವ ಮೊದಲೇ ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಎಲ್ಲವನ್ನೂ ಅಂಗಳಕ್ಕೆ ಹೊತ್ತು ಹಾಕಿ, ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ, ಹಲಗೆಗಳನ್ನು ಉಜ್ಜಿ ತೊಳೆದಳು. ರವೆ ಹುರಿದಿಟ್ಟಳು. ಡಬ್ಬಿಗಳಿಗೆ ಕಾಗದ ಅಂಟಿಸಿ, ಕಡಲೆಬೇಳೆ, ಹೆಸರುಕಾಳು, ಮೆಂತ್ಯ ಎಂದು ದುಂಡಗೆ ಬರೆದಳು. ರಾತ್ರಿ ಸೊಂಟ ಹಿಡಿದುಕೊಂಡು ಮಲಗುತ್ತಿದ್ದಳು, ಬೆಳಿಗ್ಗೆ ಎದ್ದು ಮತ್ತೆ ಅದೇ.

ಐದನೆಯ ದಿನ ಅಟ್ಟದ ಮೂಲೆಯಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಒಳಗೆ ಒಲೆಯ ಬೂದಿಯಲ್ಲಿ ಮುಳುಗಿದ ಅವರೆಕಾಳು, ಎರಡು ಸೇರಿನಷ್ಟು. ತಿನ್ನುವ ಕಾಳಿಗೆ ಯಾರು ಬೂದಿ ಸುರಿದರಪ್ಪ ಎಂದು ಗೊಣಗಿಕೊಂಡು ಮೂರು ನೀರಿನಲ್ಲಿ ತೊಳೆದಳು, ಒಣಗಿಸಿದಳು. ಬಾಂಡಲಿಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ತಿರುಗದ ಹಾಗೆ ಹುರಿದಳು. ಹುರಿದಿಟ್ಟರೆ ಹುಳು ಬೀಳುವುದಿಲ್ಲ ಎಂದು ತವರಿನಲ್ಲಿ ಅಮ್ಮ ಹೇಳಿಕೊಟ್ಟಿದ್ದಳು. ಆರಿದ ಮೇಲೆ ಇಪ್ಪತ್ತಮೂರನೆಯ ಡಬ್ಬಿಗೆ ತುಂಬಿ ‘ಅವರೆಕಾಳು’ ಎಂದು ಬರೆದಳು. ಇಪ್ಪತ್ತನಾಲ್ಕನೆಯದು ಖಾಲಿ ಉಳಿಯಿತು.

ಊರಿಗೆ ಮರಳಿದ ಚಿಕ್ಕಲಕ್ಷ್ಮಮ್ಮ ಉಗ್ರಾಣದ ಹೊಸ್ತಿಲ ಮೇಲೆ ನಿಂತು ನೀಲಿ ಮುಚ್ಚಳದ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಚೆನ್ನಾಗಿದೆ ಎಂದಳು ಅತ್ತೆ, ಯಾರೋ ಕತ್ತು ಹಿಡಿದು ಹೇಳಿಸಿದ ಹಾಗೆ. ಆಮೇಲೆ ಅಟ್ಟದ ಕಡೆ ಕತ್ತೆತ್ತಿ ಬಿಸ್ಕತ್ತಿನ ಡಬ್ಬ ಎಲ್ಲಿ ಎಂದು ಕೇಳಿದಳು. ಸೊಸೆ ತೋರಿಸಿದ ಡಬ್ಬಿಯನ್ನು ತೆಗೆದು ಕಾಳನ್ನು ಅಂಗೈಗೆ ಸುರಿದುಕೊಂಡಳು.

“ಬೂದಿ ಯಾಕವ್ವ ತೊಳ್ದೆ? ಇದು ಬಿತ್ನೆ ಅವರೆ ಕಣವ್ವ. ನಮ್ಮವ್ವ ಮಡ್ಲಕ್ಕಿ ಜೊತೆ ಆಕಿದ್ದು.”

ಕೋಪವೇನೂ ಮಾಡಿಕೊಳ್ಳಲಿಲ್ಲ. ಒಲೆಯಿಂದ ಬೂದಿ ಬಾಚಿ ತಂದು, ಹುಳು ಬೀಳದಂತೆ ಕಾಳಿಗೆ ಕಲೆಸುತ್ತಾ ಅದರ ಕಥೆ ಹೇಳಿದಳು. ಕಾಳಿನ ಕಣ್ಣಿನ ಸುತ್ತ ಕಾಡಿಗೆ ಎಳೆದಂಥ ಕಪ್ಪು ಗೆರೆ, ಕಾಯಿ ಬಿಡಿಸಿದರೆ ಮೂರು ಮನೆಗೆ ಹರಡುವ ಸೊಗಡು. ಮೂವತ್ತೆರಡು ವರ್ಷದಿಂದ ಪ್ರತಿ ಸುಗ್ಗಿಯಲ್ಲೂ ಅವಳೇ ಆರಿಸಿ ಎತ್ತಿಟ್ಟ ಬೀಜ. ಒಂದು ವರ್ಷವೂ ಕೈಕೊಟ್ಟಿದ್ದಿಲ್ಲ. ಅದಕ್ಕೇ ಊರಿನಲ್ಲಿ ಯಾರ ಹೊಲದ ಬಿತ್ತನೆಯಾದರೂ ಮೊದಲ ಹಿಡಿ ಚಿಕ್ಕಲಕ್ಷ್ಮಮ್ಮನ ಕೈಯಿಂದಲೇ ಬೀಳಬೇಕು.

ತೊಳೆದದ್ದು ಅತ್ತೆಗೆ ಕಂಡಿತ್ತು, ಹುರಿದದ್ದು ಕಂಡಿರಲಿಲ್ಲ. ಹೇಳಬೇಕೆಂದು ಅನುಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಮನೆಯವರು ಡಬ್ಬಿಗಳನ್ನು ನೋಡಲು ಬಂದರು, ನನ್ನ ಸೊಸೆ ಎಂಟು ದಿನದಲ್ಲಿ ಮಾಡಿದ ಕೆಲಸ ನೋಡಿ ಎಂದು ಅತ್ತೆ ಜಂಬದಿಂದ ಹೇಳಿಕೊಂಡಳು. ಮಾತು ಬಾಯಲ್ಲೇ ಉಳಿಯಿತು. ನಾಳೆ ಹೇಳೋಣ ಎಂದುಕೊಂಡಳು. ಸಣ್ಣ ಉರಿ ತಾನೇ, ಏನೂ ಆಗಿರಲಾರದು ಎಂದು ಸಮಾಧಾನ ತಂದುಕೊಂಡಳು. ಹೀಗೆ ನಾಳೆ ನಾಳೆ ಎನ್ನುತ್ತಾ ಎರಡು ತಿಂಗಳು ಕಳೆದವು.

ಜೂನ್ ತಿಂಗಳು ಬಂತು. ಆರಿದ್ರ ಮಳೆಗೆ ಮುಂಚೆ ಬೀಜದ ಪರೀಕ್ಷೆಯಾಗಬೇಕು. ಚಿಕ್ಕಲಕ್ಷ್ಮಮ್ಮ ಹತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೀರಿನ ಗಡಿಗೆಯ ಮಗ್ಗುಲಲ್ಲಿಟ್ಟಳು. ಮೂರನೆಯ ಬೆಳಿಗ್ಗೆ ಬಿಚ್ಚಿದರೆ ಕಾಳು ಊದಿಕೊಂಡು ಲೋಳೆಯಾಗಿತ್ತು, ಒಂದರಲ್ಲೂ ಮೊಳಕೆಯಿಲ್ಲ. ಮತ್ತೆ ಹತ್ತು ಕಟ್ಟಿದಳು. ಮತ್ತೆ ಹಾಗೆಯೇ. ಅವಳು ಹಿತ್ತಲ ಬಾಗಿಲಲ್ಲಿ ಕೂತು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ನನ್ ಕೈಗುಣ ಓಯ್ತು ಕಣವ್ವ” ಎಂದಳು, ಸೊಸೆಯ ಕಡೆ ನೋಡದೆ.

ಅದೇ ಹೊತ್ತಿಗೆ ಪಕ್ಕದ ಹೊಲದ ಹುಚ್ಚಯ್ಯ ಬಂದು, ಸೋಮವಾರ ಬಿತ್ತನೆಗೆ ಮೊದಲ ಹಿಡಿ ಹಾಕಲು ಬರಬೇಕು ಎಂದು ಕರೆದ. ಬೇರೆ ಯಾರನ್ನಾದರೂ ಕರೆದುಕೋ, ನನ್ನ ಕೈ ಕೆಟ್ಟಿದೆ ಎಂದು ಚಿಕ್ಕಲಕ್ಷ್ಮಮ್ಮ ಎದ್ದು ಒಳಗೆ ಹೋದಳು. ಅನುಶ್ರೀಗೆ ತನ್ನ ಮೇಲೆ ಹೇಸಿಗೆಯಾಯಿತು. ಸೋಮವಾರದೊಳಗೆ ಆ ಬೀಜ ಈ ಮನೆಗೆ ಬರಬೇಕು, ಬೇರೆ ಮಾತೇ ಇಲ್ಲ ಎಂದು ಆ ಗಳಿಗೆಯಲ್ಲಿ ನಿಶ್ಚಯಿಸಿದಳು.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನಿಗೆ ಅದೊಂದು ದೊಡ್ಡ ವಿಷಯವಾಗಿ ಕಾಣಲಿಲ್ಲ. ಪಟ್ಟಣದಲ್ಲಿ ಬೇಕಾದಷ್ಟು ಅವರೆ ಬೀಜ ಸಿಗುತ್ತದೆ, ತಂದು ಡಬ್ಬಿಗೆ ಸುರಿದರೆ ಆಯಿತು, ಅವ್ವನಿಗೆ ಎಲ್ಲಿ ಗೊತ್ತಾಗುತ್ತದೆ ಎಂದ. ಕಪ್ಪು ಗೆರೆ ಎಲ್ಲಿಂದ ತರುತ್ತೀರಿ ಎಂದು ಅವಳು ಕೇಳಿದಾಗ ತಲೆ ಕೆರೆದುಕೊಂಡು, ಅದೇ ಬೀಜ ಇನ್ನೊಂದು ಮನೆಯಲ್ಲಿ ಮಾತ್ರ ಇರಬಹುದು ಎಂದು ಬಾಯಿಬಿಟ್ಟ. ಅರಕಲಗೂಡಿನ ಆಚೆ, ದೊಡ್ಡಮ್ಮ ಲಕ್ಷ್ಮಿದೇವಮ್ಮನ ಮನೆ. ಅಕ್ಕ ತಂಗಿ ಇಬ್ಬರ ಮಡಿಲಿಗೂ ಅವರವ್ವ ಅದನ್ನೇ ಹಾಕಿದ್ದಳು. ಆದರೆ ಇಬ್ಬರಿಗೂ ಮಾತಿಲ್ಲ. ಹನ್ನೊಂದು ವರ್ಷದ ಹಿಂದೆ ಈ ಮನೆಯ ಮದುವೆಯೊಂದರಲ್ಲಿ ಒಬ್ಬಟ್ಟಿನ ಸಾರಿಗೆ ಉಪ್ಪು ಕಡಿಮೆ ಎಂದು ಅಕ್ಕ ಪಂಕ್ತಿಯಲ್ಲೇ ಹೇಳಿದ್ದಳಂತೆ. ಆ ಉಪ್ಪು ಇನ್ನೂ ಕರಗಿಲ್ಲ.

ಮಾರನೆಯ ಬೆಳಿಗ್ಗೆ ಅನುಶ್ರೀ, ತವರಿಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಸುಳ್ಳು ಹೇಳಿ ಹೊರಟಳು. ಬರಿಗೈಯಲ್ಲಿ ಬೀಜ ಕೇಳಬಾರದು, ದುಡ್ಡಿಗೂ ಕೇಳಬಾರದು, ಕಾಳಿಗೆ ಕಾಳು ಕೊಟ್ಟೇ ತರಬೇಕು ಎನ್ನುವುದು ಅತ್ತೆಯ ಬಾಯಿಂದಲೇ ಕೇಳಿದ್ದ ಮಾತು. ಖಾಲಿ ಉಳಿದಿದ್ದ ಇಪ್ಪತ್ತನಾಲ್ಕನೆಯ ಡಬ್ಬಿಗೆ ರಾಗಿ ತುಂಬಿ ಚೀಲಕ್ಕಿಟ್ಟುಕೊಂಡಳು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂದು ಮೂರು ಕಡೆ ಬಸ್ಸು ಬದಲಾಯಿಸಿ, ರುದ್ರಪಟ್ಟಣದ ಬಸ್ಸಿನಲ್ಲಿ ಎರಡು ಸ್ಟಾಪ್ ಮೊದಲೇ ಇಳಿದು, ಕೇಳಿಕೊಂಡು ಕೇಳಿಕೊಂಡು ನಡೆದಳು. ಮನೆ ಸಿಕ್ಕಾಗ ಹೊತ್ತು ನೆತ್ತಿಗೆ ಬಂದಿತ್ತು.

ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅತ್ತೆಯದೇ ಮೂಗು, ಅತ್ತೆಯದೇ ಕೂರುವ ಭಂಗಿ. ಬಂದವಳು ಯಾರೆಂದು ತಿಳಿದು ಮುಖ ಗಂಟಿಕ್ಕಿದರೂ ನೀರು ಕೊಟ್ಟಳು. ಅನುಶ್ರೀ ರಾಗಿಯ ಡಬ್ಬಿ ಮುಂದಿಟ್ಟು, ಈ ಸಲ ನಮ್ಮ ಮನೆಯ ಅವರೆ ಮೊಳಕೆ ಬರಲಿಲ್ಲ, ಬೀಜ ಬೇಕಿತ್ತು ಎಂದಳು.

ಮುದುಕಿಯ ಮುಖದ ಗಂಟು ಬಿಚ್ಚಿತು. “ಅಂದ್ರೆ ಚಿಕ್ಕಿ ಕೈಲೂ ಬೀಜ ಸಾಯ್ತದೆ ಅನ್ನು” ಎಂದು ಖುಷಿಯಾಗಿ ಮಂಡಿಗೆ ಕೈಕೊಟ್ಟು ಎದ್ದಳು. ಬೀಜ ತರಲು ಒಳಗೆ ಹೊರಟೇಬಿಟ್ಟಿದ್ದಳು. ಒಂದು ಹೂಂ ಅಂದಿದ್ದರೆ ಸಾಕಿತ್ತು, ಕೆಲಸ ಆಗುತ್ತಿತ್ತು, ಅತ್ತೆಗೆ ಏನೂ ಗೊತ್ತಾಗುತ್ತಲೂ ಇರಲಿಲ್ಲ. ಆ ಹೂಂ ಅನುಶ್ರೀಯ ಬಾಯಲ್ಲಿ ಬರಲಿಲ್ಲ.

“ಅತ್ತೆ ಕೈ ಚೆನ್ನಾಗೇ ಇದೆ, ದೊಡ್ಡತ್ತೆ. ಬಾಂಡ್ಲಿಗೆ ಹಾಕಿ ಹುರಿದವಳು ನಾನು. ಅವರಿಗೆ ಇನ್ನೂ ಗೊತ್ತಿಲ್ಲ.”

ಲಕ್ಷ್ಮಿದೇವಮ್ಮ ಬಾಗಿಲಲ್ಲೇ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನಗುತ್ತಾಳೆ ಎಂದುಕೊಂಡಿದ್ದಳು ಅನುಶ್ರೀ. ಅವಳು ನಗಲಿಲ್ಲ. ಒಳಗಿಂದ ಮಸಿ ಹಿಡಿದ ಮಡಕೆ ತಂದು, ರಾಗಿಯನ್ನು ಮೊರಕ್ಕೆ ಸುರಿದುಕೊಂಡು, ಅದೇ ಡಬ್ಬಿಗೆ ಬೂದಿಯ ಸಮೇತ ಅವರೆ ತುಂಬಿದಳು.

“ಮೊದ್ಲು ಓಗಿ ಅವ್ಳಿಗೆ ಏಳು” ಎಂದಳು. “ಕೈ ಕೆಟ್ಟೋಯ್ತು ಅಂದ್ಕಂಡು ಕೂತಿರ್ತಾಳೆ ನನ್ ತಂಗಿ. ನೀನು ಸುಮ್ಕಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ?”

ನಾಚಿಕೆ ಆಗಿತ್ತು. ಬಸ್ಸಿನುದ್ದಕ್ಕೂ ಡಬ್ಬಿಯನ್ನು ಮಡಿಲಲ್ಲಿ ಹಿಡಿದುಕೊಂಡು ಹೇಳಬೇಕಾದ ಮಾತನ್ನು ಜೋಡಿಸುತ್ತಾ ಬಂದಳು. ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಜೋಡಿಸಿದ್ದೆಲ್ಲ ಮರೆತುಹೋಯಿತು. ಕಾಳನ್ನು ಅತ್ತೆಯ ಮುಂದಿನ ಮೊರಕ್ಕೆ ಸುರಿದು, ಹುರಿದದ್ದು, ಮುಚ್ಚಿಟ್ಟದ್ದು, ಹೋದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಚಿಕ್ಕಲಕ್ಷ್ಮಮ್ಮ ಒಂದು ಕಾಳಿನ ಬೂದಿ ಒರೆಸಿ ದೀಪಕ್ಕೆ ಹಿಡಿದಳು. ಕಪ್ಪು ಗೆರೆ ಇತ್ತು.

“ಉರ್ದಿದ್ದಕ್ಕಲ್ಲ ಕಣವ್ವ ನಂಗೆ ಬೇಜಾರು. ನಾನು ಕೈ ನೋಡ್ಕಂಡು ಕುಂತಿದ್ನಲ್ಲ, ಆಗ್ಲೂ ನೀನು ಉಸ್ರು ಬುಡ್ನಿಲ್ಲ.”

ಅನುಶ್ರೀಗೆ ಅಳು ಬಂತು. ಅತ್ತೆ ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಒದ್ದೆ ಬಟ್ಟೆ ತಂದು ಅವಳ ಮುಂದೆ ಹಾಕಿ, ನೀನೇ ಕಟ್ಟು ಎಂದಳು. ಸೊಸೆ ಹತ್ತು ಕಾಳು ಎಣಿಸಿ ಕಟ್ಟಿ ಗಡಿಗೆಯ ಮಗ್ಗುಲಲ್ಲಿಟ್ಟಳು. ಆಮೇಲೆ ಎರಡು ದಿನ ಅತ್ತೆ ಅವಳೊಂದಿಗೆ ಮಾತಾಡಲಿಲ್ಲ.

ಮೂರನೆಯ ಬೆಳಿಗ್ಗೆ, ಭಾನುವಾರ, ಇಬ್ಬರೂ ಕೂತು ಗಂಟು ಬಿಚ್ಚಿದರು. ಹತ್ತರಲ್ಲಿ ಒಂಬತ್ತು ಬಿಳಿಯ ಮೂತಿ ಹೊರಗೆ ಚಾಚಿದ್ದವು. ಚಿಕ್ಕಲಕ್ಷ್ಮಮ್ಮ ಬೇಲಿಯ ಹತ್ತಿರ ಹೋಗಿ, ನಾಳೆ ಬತ್ತೀನಿ ಕಣಪ್ಪ ಎಂದು ಹುಚ್ಚಯ್ಯನಿಗೆ ಕೂಗಿ ಹೇಳಿದಳು. ಈ ಸಲದ ಸುಗ್ಗಿಗೆ ಅಕ್ಕನ ಮನೆಗೆ ಬೀಜ ತಾನೇ ಹೊತ್ತುಕೊಂಡು ಹೋಗಿ ಕೊಡುವುದಾಗಿಯೂ, ಆ ಮನೆಯ ಸಾರಿನ ಉಪ್ಪು ಹೇಗಿದೆ ನೋಡಿ ಬರುವುದಾಗಿಯೂ, ಯಾರಿಗೆ ಎಂದಿಲ್ಲದೆ ಹೇಳಿದಳು.

ಒಳಗೆ ಬಂದು ಇಪ್ಪತ್ತಮೂರನೆಯ ಡಬ್ಬಿಯನ್ನು ಕೆಳಗಿಳಿಸಿದಳು. ಸತ್ತ ಕಾಳನ್ನು ಸಾರಿಗೆಂದು ತೆಗೆದಿಟ್ಟಳು. ಮೊಳೆಯೊಂದನ್ನು ಕೆಂಡದಲ್ಲಿ ಕಾಯಿಸಿ ನೀಲಿ ಮುಚ್ಚಳಕ್ಕೆ ಚುಯ್ ಚುಯ್ ಎಂದು ಐದು ತೂತು ಹಾಕಿದಳು. ಬೀಜಕ್ಕೆ ಗಾಳಿಯಾಡಬೇಕಂತೆ. ಬಿತ್ತನೆಗೆ ಬೇಕಾದಷ್ಟು ತೆಗೆದು, ಮಳೆ ಕೈಕೊಟ್ಟರೆ ಇರಲಿ ಎಂದು ಒಂದು ಪಾವು ಬೀಜವನ್ನು ಬೂದಿಯೊಂದಿಗೆ ಅದರೊಳಗೆ ಹಾಕಿ, ಹಳೆಯ ಕಾಗದ ಕಿತ್ತು ಡಬ್ಬಿಯನ್ನು ಸೊಸೆಯ ಕಡೆ ತಳ್ಳಿದಳು. ಹೊಸ ಕಾಗದದಲ್ಲಿ ಏನೆಂದು ಬರೆಯಲಿ, ಬಿತ್ತನೆ ಅವರೆ ಎಂದೇ ಎಂದು ಅನುಶ್ರೀ ಕೇಳಿದಳು.

“ನಿನ್ ಎಸ್ರು ಬರಿ” ಎಂದಳು ಚಿಕ್ಕಲಕ್ಷ್ಮಮ್ಮ. “ಬರೋ ವರ್ಸ ಮೊಳ್ಕೆ ಬರ್ನಿಲ್ಲ ಅಂದ್ರೆ ಯಾರ್ ಕೈ ಅಂತ ಗೊತ್ತಾಗ್ಲಿ.”

ಅನುಶ್ರೀ ಕಣ್ಣೊರೆಸಿಕೊಂಡು ಪೆನ್ನು ಹುಡುಕಲು ಎದ್ದಳು.